ಹೂವು, ಹುಳು ಮತ್ತು ಮಸೂರ

ಉತ್ತರದಲ್ಲಿ ಕೃಷ್ಣೆ, ದಕ್ಷಿಣದಲ್ಲಿ ತುಂಗಭದ್ರೆ. ಈ ಎರಡು ಮಹಾನದಿಗಳ ನಡುವೆ ಹಬ್ಬಿರುವುದು ರಾಯಚೂರು ಸೀಮೆ. ಫಲವತ್ತಾದ ಈ ನೆಲಕ್ಕಾಗಿ ಅರಸರು ಶತಮಾನಗಳ ಕಾಲ ಹೋರಾಡಿದ ಕಥೆಯನ್ನು ಇತಿಹಾಸದ ಪುಟಗಳು ಹೇಳುತ್ತವೆ. ರಾಯಚೂರು ನಗರದ ಕೋಟೆಯ ಗೋಡೆಯಲ್ಲಿ 1294ನೆಯ ಇಸವಿಯ ಶಾಸನವೊಂದು ಇಂದಿಗೂ ನಿಂತಿದೆ. ಆದರೆ ಇದೇ ನೆಲದಲ್ಲಿ ದಿನಂಪ್ರತಿ ನಡೆಯುವ ಮತ್ತೊಂದು ಹೋರಾಟವುಂಟು. ಎಕ್ಕದ ಎಲೆಯ ಅಡಿಯಲ್ಲಿ, ಹತ್ತಿಯ ಹೂವಿನ ಒಡಲಿನಲ್ಲಿ, ಬತ್ತದ ತೆಂಡೆಯ ಬುಡದಲ್ಲಿ ಅದು ನಡೆಯುತ್ತದೆ. ಅದನ್ನು ಯಾವ ಶಾಸನವೂ ಬರೆದಿಟ್ಟಿಲ್ಲ. ಅದರ ಯೋಧರು ಬೆರಳಿನ ಉಗುರಿಗಿಂತಲೂ ಕಿರಿದಾದ ಜೀವಿಗಳು. ಅವರನ್ನು ಕಾಣಬೇಕಾದರೆ ಮನುಷ್ಯನು ಮೊಣಕಾಲೂರಿ ಬಾಗಬೇಕು. ತನ್ನ ಕಣ್ಣಿಗೆ ಮಸೂರವೊಂದರ ಸಹಾಯವನ್ನು ಪಡೆಯಬೇಕು.

ಕಿರಿದಾದ ವಸ್ತುವಿಗೆ ಅತಿ ಸಮೀಪದಲ್ಲಿ ಕ್ಯಾಮರಾವನ್ನಿಟ್ಟು ಅದನ್ನು ಹಿರಿದಾಗಿ ತೋರಿಸುವ ಕಲೆಗೆ ಮ್ಯಾಕ್ರೊ ಛಾಯಾಗ್ರಹಣವೆಂದು ಹೆಸರು. ಕನ್ನಡದಲ್ಲಿ ಇದನ್ನು ಸಮೀಪ ಛಾಯಾಗ್ರಹಣವೆಂದು ಕರೆಯಬಹುದು. ಇದರ ಮೂಲವನ್ನು ಹುಡುಕುತ್ತ ಹೋದರೆ ಛಾಯಾಗ್ರಹಣವೇ ಹುಟ್ಟಿರದಿದ್ದ ಕಾಲಕ್ಕೆ ಹೋಗಬೇಕಾಗುತ್ತದೆ. 1665ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಎಂಬಾತನು ತನ್ನ ಸೂಕ್ಷ್ಮದರ್ಶಕದಲ್ಲಿ ಕಂಡ ಚಿಗಟ, ಹೇನು, ನೊಣದ ಕಣ್ಣು ಮೊದಲಾದವುಗಳನ್ನು ಕೈಯಿಂದಲೇ ಚಿತ್ರಿಸಿ ಗ್ರಂಥವೊಂದನ್ನು ಪ್ರಕಟಿಸಿದನು. ಕ್ಷುದ್ರವೆಂದು ತಿಳಿದಿದ್ದ ಚಿಗಟದ ದೇಹದಲ್ಲಿ ಯೋಧನ ಕವಚದಂತಹ ರಚನೆಯಿರುವುದನ್ನು ಕಂಡು ಜನರು ಬೆರಗಾದರು. 1839ರಲ್ಲಿ ಛಾಯಾಗ್ರಹಣದ ವಿಧಾನವು ಲೋಕಕ್ಕೆ ಪ್ರಕಟವಾಯಿತು. 1930ರ ದಶಕದಲ್ಲಿ ಅಮೆರಿಕದ ಹೆರಾಲ್ಡ್ ಎಡ್ಜರ್ಟನ್ ಎಂಬ ಎಂಜಿನಿಯರನು ಕ್ಷಣದ ಅತ್ಯಲ್ಪ ಭಾಗದಲ್ಲಿ ಮಿಂಚಿ ಮಾಯವಾಗುವ ವಿದ್ಯುದ್ದೀಪವನ್ನು ಛಾಯಾಗ್ರಹಣಕ್ಕೆ ಬಳಸಿದನು. ಹಾರುವ ಕೀಟದ ರೆಕ್ಕೆಯೂ ಚಿತ್ರದಲ್ಲಿ ಸ್ತಬ್ಧವಾಗಿ ನಿಲ್ಲುವುದು ಇದರಿಂದ ಸಾಧ್ಯವಾಯಿತು. 1955ರಲ್ಲಿ ಜರ್ಮನ್ ಕುಶಲಿ ಹೈಂಜ್ ಕಿಲ್ಫಿಟ್ ಎಂಬಾತನು ಸಣ್ಣ ಕ್ಯಾಮರಾಗಳಿಗೆ ಹೊಂದುವಂತಹ ಮ್ಯಾಕ್ರೊ ಮಸೂರವನ್ನು ಮಾರುಕಟ್ಟೆಗೆ ತಂದನು. ಅಂದಿನಿಂದ ಈ ಕಲೆಯು ಪ್ರಯೋಗಶಾಲೆಯಿಂದ ಹೊರಬಂದು ಹೊಲ ತೋಟಗಳನ್ನು ಪ್ರವೇಶಿಸಿತು. ವನ್ಯಜೀವಿ ಛಾಯಾಗ್ರಹಣದಲ್ಲಿ ಕರ್ನಾಟಕವೂ ಹಿಂದುಳಿದಿಲ್ಲ. ಸಂಡೂರಿನ ಎಂ. ವೈ. ಘೋರ್ಪಡೆ, ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ ಮೊದಲಾದವರು ಈ ಕ್ಷೇತ್ರದಲ್ಲಿ ನಾಡಿಗೆ ಕೀರ್ತಿಯನ್ನು ತಂದವರು.

ಸಾಮಾನ್ಯ ಕ್ಯಾಮರಾದಿಂದ ಹುಳುವಿನ ಚಿತ್ರವನ್ನು ಏಕೆ ತೆಗೆಯಲಾಗದು ಎಂಬ ಪ್ರಶ್ನೆ ಸಹಜವಾದುದು. ಇದಕ್ಕೆ ಉತ್ತರವು ಬೆಳಕಿನ ಪಾಠದಲ್ಲಿಯೇ ಇದೆ. 50 ಮಿಲಿಮೀಟರ್ ಸಂಗಮದೂರವುಳ್ಳ ಸಾಮಾನ್ಯ ಮಸೂರವು ವಸ್ತುವಿನಿಂದ ಸುಮಾರು 45 ಸೆಂಟಿಮೀಟರ್ ದೂರದವರೆಗೆ ಮಾತ್ರ ಸ್ಪಷ್ಟ ಪ್ರತಿಬಿಂಬವನ್ನು ಕೊಡಬಲ್ಲುದು. ಆಗ ಪ್ರತಿಬಿಂಬವು ವಸ್ತುವಿನ ಸುಮಾರು ಏಳನೆಯ ಒಂದು ಭಾಗದಷ್ಟಿರುತ್ತದೆ. 6 ಮಿಲಿಮೀಟರ್ ಉದ್ದದ ಗುಲಗಂಜಿ ಹುಳುವು ಅದರಲ್ಲಿ ಒಂದು ಮಿಲಿಮೀಟರಿಗೂ ಕಡಿಮೆಯಾದ ಚುಕ್ಕೆಯಾಗಿ ಕಾಣುವುದು. ಪೀನ ಮಸೂರದ ನಿಯಮದ ಪ್ರಕಾರ, ವಸ್ತುವು ಸಂಗಮದೂರದ ಎರಡರಷ್ಟು ದೂರದಲ್ಲಿದ್ದರೆ ಪ್ರತಿಬಿಂಬವೂ ಅಷ್ಟೇ ದೂರದಲ್ಲಿ, ವಸ್ತುವಿನಷ್ಟೇ ಗಾತ್ರದಲ್ಲಿ ಮೂಡುತ್ತದೆ. ಅಂದರೆ 50 ಮಿಲಿಮೀಟರ್ ಮಸೂರದಿಂದ ಹುಳುವು 10 ಸೆಂಟಿಮೀಟರ್ ದೂರದಲ್ಲಿರಬೇಕು. ಪ್ರತಿಬಿಂಬವನ್ನು ಹಿಡಿಯುವ ಫಲಕವೂ ಮಸೂರದ ಹಿಂದೆ 10 ಸೆಂಟಿಮೀಟರ್ ದೂರದಲ್ಲಿರಬೇಕು. ಸಾಮಾನ್ಯ ಕ್ಯಾಮರಾದಲ್ಲಿ ಮಸೂರವು ಅಷ್ಟು ಮುಂದಕ್ಕೆ ಚಾಚಲಾರದು. ಆ ಕೊರತೆಯನ್ನು ತುಂಬುವುದೇ ಸಮೀಪ ಛಾಯಾಗ್ರಹಣದ ಎಲ್ಲ ಉಪಕರಣಗಳ ಉದ್ದೇಶ. ವಸ್ತುವಿನಷ್ಟೇ ದೊಡ್ಡದಾದ ಪ್ರತಿಬಿಂಬಕ್ಕೆ ಒಂದಕ್ಕೆ ಒಂದರ ಪ್ರಮಾಣ ಎನ್ನುತ್ತಾರೆ.

ಈ ಉಪಕರಣಗಳಲ್ಲಿ ನಾಲ್ಕು ಮುಖ್ಯವಾದವು. ಮೊದಲನೆಯದು, ಕ್ಯಾಮರಾಕ್ಕೂ ಮಸೂರಕ್ಕೂ ನಡುವೆ ಜೋಡಿಸುವ ಟೊಳ್ಳಾದ ಕೊಳವೆ. ಇದರಲ್ಲಿ ಗಾಜು ಇರುವುದಿಲ್ಲ. ಮಸೂರವನ್ನು ಮುಂದಕ್ಕೆ ಒಯ್ಯುವುದಷ್ಟೇ ಇದರ ಕೆಲಸ. 50 ಮಿಲಿಮೀಟರ್ ಮಸೂರಕ್ಕೆ 25 ಮಿಲಿಮೀಟರ್ ಕೊಳವೆಯನ್ನು ಸೇರಿಸಿದರೆ ಅರ್ಧ ಗಾತ್ರದ, 50 ಮಿಲಿಮೀಟರ್ ಕೊಳವೆಯನ್ನು ಸೇರಿಸಿದರೆ ಪೂರ್ಣ ಗಾತ್ರದ ಪ್ರತಿಬಿಂಬ ದೊರೆಯುತ್ತದೆ. ಎರಡನೆಯದು, ಮಸೂರದ ಮುಂಭಾಗಕ್ಕೆ ಕನ್ನಡಕದಂತೆ ಹಾಕುವ ಸಮೀಪ ಮಸೂರ. ಮೂರನೆಯದು, ಮಸೂರವನ್ನೇ ತಿರುಗುಮುರುಗಾಗಿ ಜೋಡಿಸುವ ಬಳೆ. ಬೆಲೆ ಅತ್ಯಲ್ಪವಾದರೂ ಇದರಿಂದ ದೊರೆಯುವ ಚಿತ್ರದ ಸ್ಪಷ್ಟತೆ ಆಶ್ಚರ್ಯಕರವಾದುದು. ನಾಲ್ಕನೆಯದು, ಇದಕ್ಕಾಗಿಯೇ ನಿರ್ಮಿತವಾದ ಮ್ಯಾಕ್ರೊ ಮಸೂರ. ಇದರಲ್ಲಿಯೂ 50 ಮಿಲಿಮೀಟರಿನದಕ್ಕಿಂತ 100 ಮಿಲಿಮೀಟರಿನದು ಕೀಟಗಳಿಗೆ ಹೆಚ್ಚು ಅನುಕೂಲ. ಏಕೆಂದರೆ ಇದನ್ನು ಬಳಸುವವನು ಹುಳುವಿನಿಂದ ಸ್ವಲ್ಪ ದೂರದಲ್ಲಿದ್ದುಕೊಂಡೇ ಅಷ್ಟೇ ದೊಡ್ಡ ಚಿತ್ರವನ್ನು ಪಡೆಯಬಹುದು. ಅಂಜುಗುಳಿಯಾದ ಚಿಟ್ಟೆಗೆ ಒಂದೊಂದು ಗೇಣೂ ಮುಖ್ಯ. ಇವಾವುವೂ ಇಲ್ಲದವರು ನಿರಾಶರಾಗಬೇಕಿಲ್ಲ. ಶಾಲೆಯ ಪ್ರಯೋಗಶಾಲೆಯಲ್ಲಿರುವ ಕೈಮಸೂರವನ್ನು ಮೊಬೈಲ್ ಫೋನಿನ ಕ್ಯಾಮರಾದ ಮುಂದೆ ಅಲುಗದಂತೆ ಹಿಡಿದರೂ ಈ ಲೋಕದ ಬಾಗಿಲು ತೆರೆಯುತ್ತದೆ.

ಉಪಕರಣವು ಕೈಗೆ ಬಂದೊಡನೆ ಚಿತ್ರವು ಬರುವುದಿಲ್ಲ. ಮಸೂರವನ್ನು ಮುಂದಕ್ಕೆ ಚಾಚಿದಂತೆ ಮೂರು ತೊಡಕುಗಳು ಎದುರಾಗುತ್ತವೆ. ಒಂದು, ಬೆಳಕಿನ ಅಭಾವ. ಒಂದಕ್ಕೆ ಒಂದರ ಪ್ರಮಾಣದಲ್ಲಿ ಫಲಕವನ್ನು ಮುಟ್ಟುವ ಬೆಳಕು ಮಾಮೂಲಿನ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಎರಡು, ಸ್ಪಷ್ಟತೆಯ ಆಳ ಕುಗ್ಗುವುದು. ಮಸೂರದ ರಂಧ್ರವನ್ನು ಎಂಟರ ಅಂಕಕ್ಕೆ ಇಟ್ಟರೆ ಆ ಪ್ರಮಾಣದಲ್ಲಿ ಕೇವಲ ಒಂದು ಮಿಲಿಮೀಟರಿನಷ್ಟು ಆಳ ಮಾತ್ರ ಸ್ಪಷ್ಟವಾಗಿ ಕಾಣುವುದು. ಹದಿನಾರಕ್ಕೆ ಇಟ್ಟರೆ ಎರಡು ಮಿಲಿಮೀಟರು. ರಂಧ್ರವನ್ನು ಇನ್ನೂ ಕಿರಿದುಗೊಳಿಸಿದರೆ ಬೆಳಕು ಅಂಚಿನಲ್ಲಿ ಬಾಗಿ ಚದುರುವುದರಿಂದ ಚಿತ್ರವೆಲ್ಲವೂ ಮಂದವಾಗುತ್ತದೆ. ಮೂರು, ಅಲುಗಾಟ. ವಸ್ತುವು ಹಿಗ್ಗಿದಂತೆ ಅದರ ಚಲನೆಯೂ ಹಿಗ್ಗುತ್ತದೆ. ಕಣ್ಣಿಗೆ ಕಾಣದಷ್ಟು ತೂಗಾಡುವ ಹೂವೂ ಮಸೂರದೊಳಗೆ ಉಯ್ಯಾಲೆಯಾಡುವುದು.

ಈ ತೊಡಕುಗಳನ್ನು ಗೆಲ್ಲುವ ಉಪಾಯಗಳನ್ನು ಅನುಭವಿಗಳು ಕಂಡುಕೊಂಡಿದ್ದಾರೆ. ಮುಂಗಾರಿನ ತಿಂಗಳುಗಳಲ್ಲಿ ರಾಯಚೂರಿನ ಬಯಲಿನಲ್ಲಿ ಗಾಳಿಯು ಬಿರುಸಾಗಿ ಬೀಸುತ್ತದೆ. ಬೇಸಿಗೆಯ ಮಧ್ಯಾಹ್ನದ ಬಿಸಿಲು ಕಣ್ಣು ಬಿಡಗೊಡುವುದಿಲ್ಲ. ಆದುದರಿಂದ ಸೂರ್ಯೋದಯದ ಆಚೀಚಿನ ಹೊತ್ತೇ ಈ ಕಾರ್ಯಕ್ಕೆ ಪ್ರಶಸ್ತವಾದುದು. ಆಗ ಗಾಳಿ ಶಾಂತವಾಗಿರುತ್ತದೆ, ಬೆಳಕು ಮೃದುವಾಗಿರುತ್ತದೆ. ಕೀಟಗಳ ಮೈ ತಂಪಾಗಿರುವುದರಿಂದ ಅವು ಒಡನೆಯೇ ಹಾರಲಾರವು. ಕ್ಯಾಮರಾವನ್ನು ಮುಕ್ಕಾಲಿಯ ಮೇಲೆ ಅಥವಾ ಮರಳು ತುಂಬಿದ ಚೀಲದ ಮೇಲೆ ಇಡುವುದು ಲೇಸು. ಮೊದಲು ಬೇಕಾದ ಪ್ರಮಾಣವನ್ನು ನಿಗದಿಪಡಿಸಿಕೊಂಡು, ಬಳಿಕ ಮಸೂರವನ್ನು ತಿರುಗಿಸದೆ, ಇಡೀ ಕ್ಯಾಮರಾವನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ ಸ್ಪಷ್ಟತೆಯನ್ನು ಹೊಂದಿಸಬೇಕು. ಸ್ಪಷ್ಟವಾಗಿರಬೇಕಾದುದು ಕೀಟದ ಕಣ್ಣು. ಚಿಟ್ಟೆಯ ರೆಕ್ಕೆಗಳು ಮಡಿಸಿರುವಾಗ ಕ್ಯಾಮರಾದ ಫಲಕವನ್ನು ಆ ರೆಕ್ಕೆಗೆ ಸಮಾನಾಂತರವಾಗಿ ಹಿಡಿದರೆ, ಒಂದೆರಡು ಮಿಲಿಮೀಟರ್ ಆಳದಲ್ಲಿಯೇ ಇಡೀ ರೆಕ್ಕೆಯು ಸ್ಪಷ್ಟವಾಗಿ ಮೂಡುವುದು. ಇಂದಿನ ದಿನಗಳಲ್ಲಿ ಸ್ಪಷ್ಟತೆಯ ಬಿಂದುವನ್ನು ಹಂತಹಂತವಾಗಿ ಸರಿಸುತ್ತ ಹಲವು ಚಿತ್ರಗಳನ್ನು ತೆಗೆದು, ಅವುಗಳ ಸ್ಪಷ್ಟ ಭಾಗಗಳನ್ನು ಕಂಪ್ಯೂಟರಿನಲ್ಲಿ ಒಂದುಗೂಡಿಸುವ ವಿಧಾನವೂ ಬಳಕೆಯಲ್ಲಿದೆ. ಬೆಳಕು ಸಾಲದಾದಾಗ ಫ್ಲ್ಯಾಶ್ ದೀಪವನ್ನು ಬಳಸಬಹುದು. ಆದರೆ ಅದರ ನೇರ ಬೆಳಕು ಹುಳುವಿನ ಹೊಳೆಯುವ ಬೆನ್ನಿನ ಮೇಲೆ ಬಿಳಿಯ ಕಲೆಯನ್ನು ಉಂಟುಮಾಡುತ್ತದೆ. ದೀಪದ ಮುಂದೆ ತೆಳುವಾದ ಬಿಳಿಯ ಕಾಗದವನ್ನೋ ಬಟ್ಟೆಯನ್ನೋ ಹಿಡಿದರೆ ಬೆಳಕು ಹರಡಿಕೊಂಡು ಹದವಾಗುತ್ತದೆ.

ಇನ್ನು ನೋಡತಕ್ಕ ವಸ್ತುಗಳನ್ನು ಅರಸಿ ಬಹುದೂರ ಹೋಗಬೇಕಾಗಿಲ್ಲ. ರಾಯಚೂರು ನಗರದ ಬಯಲುಗಳಲ್ಲಿ, ದಾರಿಯ ಬದಿಗಳಲ್ಲಿ ಎಕ್ಕದ ಗಿಡವು ತಾನಾಗಿಯೇ ಬೆಳೆದಿರುತ್ತದೆ. ಹಾಲು ಸುರಿಸುವ, ದನಕರುಗಳು ಮೂಸದ ಈ ಗಿಡವನ್ನು ಜನರು ಕಡೆಗಣ್ಣಿನಿಂದಲೂ ನೋಡುವುದಿಲ್ಲ. ಆದರೆ ಕಿತ್ತಳೆ ಬಣ್ಣದ ರೆಕ್ಕೆಗೆ ಕಪ್ಪು ಅಂಚುಳ್ಳ ಚಿಟ್ಟೆಯೊಂದಕ್ಕೆ ಇದೇ ತವರುಮನೆ. ಅದು ಎಲೆಯ ಮೇಲೆ ಒಂದೊಂದಾಗಿ ಮೊಟ್ಟೆಗಳನ್ನಿಡುತ್ತದೆ. ಕಪ್ಪು, ಬಿಳಿ, ಹಳದಿ ಪಟ್ಟೆಗಳನ್ನೂ ಮೂರು ಜೊತೆ ಕೋಡಿನಂತಹ ಎಳೆಗಳನ್ನೂ ಹೊತ್ತ ಮರಿಹುಳುವು ಆ ವಿಷದ ಎಲೆಯನ್ನೇ ತಿಂದು ಬೆಳೆಯುತ್ತದೆ. ಗಿಡದ ವಿಷವು ಅದರ ಮೈಯಲ್ಲಿ ಉಳಿದು, ಹಕ್ಕಿಗಳಿಂದ ಅದನ್ನು ರಕ್ಷಿಸುತ್ತದೆ. ವಿಷವಿಲ್ಲದ ಮತ್ತೊಂದು ಜಾತಿಯ ಹೆಣ್ಣು ಚಿಟ್ಟೆಯು ಇದೇ ವೇಷವನ್ನು ಧರಿಸಿ ಹಕ್ಕಿಗಳನ್ನು ವಂಚಿಸುವುದುಂಟು! ಮಸೂರದ ಕೆಳಗೆ ಈ ಚಿಟ್ಟೆಯ ರೆಕ್ಕೆಯು ಹೆಂಚು ಹೊದಿಸಿದ ಮನೆಯ ಮಾಡಿನಂತೆ ಕಾಣುತ್ತದೆ. ಕೈಗೆ ಅಂಟುವ ಚಿಟ್ಟೆಯ ಪುಡಿಯೆಂಬುದು ವಾಸ್ತವವಾಗಿ ಸಾಲುಸಾಲಾಗಿ ಜೋಡಿಸಿದ ಆ ಹುರುಪೆಗಳೇ.

ಸೂರ್ಯಕಾಂತಿಯ ಹೊಲವನ್ನು ಕಂಡವರು ಒಂದು ಗಿಡಕ್ಕೆ ಒಂದು ಹೂವೆಂದು ತಿಳಿಯುತ್ತಾರೆ. ಸಮೀಪದ ಚಿತ್ರವು ಈ ತಿಳಿವಳಿಕೆಯನ್ನು ತಿದ್ದುತ್ತದೆ. ಹಳದಿಯ ಎಸಳುಗಳ ನಡುವಣ ತಟ್ಟೆಯಲ್ಲಿ ನೂರಾರು ಪುಟ್ಟ ಹೂವುಗಳು ಒತ್ತಾಗಿ ನಿಂತಿರುತ್ತವೆ. ಅವು ಅಂಚಿನಿಂದ ಆರಂಭಿಸಿ ದಿನದಿನವೂ ನಡುವಿನೆಡೆಗೆ ಅರಳುತ್ತ ಹೋಗುತ್ತವೆ. ಒಂದು ಜೇನುಹುಳುವು ಆ ತಟ್ಟೆಯ ಮೇಲೆ ಸುತ್ತು ಹಾಕಿದರೆ ಅದು ಒಂದು ಹೂವನ್ನಲ್ಲ, ಹೂವುಗಳ ಒಂದು ಊರನ್ನೇ ಸಂದರ್ಶಿಸಿದಂತೆ.

ಮಾನ್ವಿಯ ಕಡೆಗೆ ಸಾಗಿದರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನುಂಡ ಬತ್ತದ ಗದ್ದೆಗಳು ಎದುರಾಗುತ್ತವೆ. ಮಕ್ಕಳು ಏರೋಪ್ಲೇನ್ ಚಿಟ್ಟೆಯೆಂದು ಕರೆಯುವ ಕೀಟಗಳು ಚಳಿಗಾಲದ ಮುಂಜಾನೆ ಅಲ್ಲಿ ಬತ್ತದ ಗರಿಗಳಿಗೆ ಅಂಟಿಕೊಂಡು, ಇಬ್ಬನಿಯಿಂದ ತೊಯ್ದು ಕುಳಿತಿರುತ್ತವೆ. ಅವುಗಳ ಒಂದೊಂದು ಕಣ್ಣಿನಲ್ಲಿಯೂ 30,000ದವರೆಗೆ ಕಿರುಗಣ್ಣುಗಳಿರುವುದುಂಟು. ತೆಂಡೆಗಳ ನಡುವೆ ಜೇಡಗಳು ಕಟ್ಟಿದ ಬಲೆಗಳು ಹನಿಗಳ ಹಾರದಂತೆ ಹೊಳೆಯುತ್ತವೆ. ಇವು ಕೇವಲ ಕಣ್ಣಿಗೆ ಹಬ್ಬವಲ್ಲ. ಬತ್ತದ ರಸವನ್ನು ಹೀರಿ ಬೆಳೆಯನ್ನು ಸುಟ್ಟಂತೆ ಒಣಗಿಸುವ ಕಂದು ಜಿಗಿಹುಳುವಿಗೆ ಈ ಜೇಡಗಳೇ ಪ್ರಬಲ ಶತ್ರುಗಳು. ವಿವೇಚನೆಯಿಲ್ಲದೆ ಕೀಟನಾಶಕವನ್ನು ಸಿಂಪಡಿಸಿದಾಗ ಜೇಡಗಳು ಮೊದಲು ಸಾಯುತ್ತವೆ. ಕಾವಲುಗಾರರಿಲ್ಲದ ಗದ್ದೆಯಲ್ಲಿ ಜಿಗಿಹುಳುಗಳು ಮೊದಲಿಗಿಂತ ಹೆಚ್ಚಾಗುತ್ತವೆ.

ದೇವದುರ್ಗದ ಕಡೆಯ ಎರೆಭೂಮಿಯಲ್ಲಿ ಹತ್ತಿ, ತೊಗರಿಗಳು ಬೆಳೆಯುತ್ತವೆ. ಹತ್ತಿಯ ಹೂವು ಛಾಯಾಗ್ರಾಹಕನಿಗೆ ಒಂದು ಸೊಗಸಾದ ಪಾಠ. ಮೊದಲ ದಿನ ಬೆಳಿಗ್ಗೆ ಕೆನೆಬಣ್ಣದಲ್ಲಿ ಅರಳಿದ ಹೂವು ಮರುದಿನ ನಸುಗೆಂಪಾಗಿ ಬಾಡುತ್ತದೆ. ಒಂದೇ ಗಿಡದಲ್ಲಿ ಎರಡು ಬಣ್ಣದ ಹೂಗಳನ್ನು ಕಂಡವನಿಗೆ ಯಾವುದು ಇಂದಿನದು, ಯಾವುದು ನಿನ್ನೆಯದು ಎಂಬುದು ತಿಳಿಯುವುದು. ಕೆಲವು ಹೂಗಳು ಅರಳದೆ, ಎಸಳುಗಳು ಒಂದಕ್ಕೊಂದು ನೂಲಿನಿಂದ ಹೊಲಿದಂತೆ ಮುಚ್ಚಿಕೊಂಡು ಗುಲಾಬಿಯ ಮೊಗ್ಗಿನಂತೆ ತೋರುತ್ತವೆ. ಇದು ಅಂದವಲ್ಲ, ಅಪಾಯದ ಸೂಚನೆ. ಒಳಗೆ ಗುಲಾಬಿ ಕಾಯಿಕೊರಕದ ಮರಿಹುಳು ಅಡಗಿರುತ್ತದೆ. ಕಾಯಿಕೊರಕಗಳನ್ನು ತಡೆಯುವ ಸಲುವಾಗಿ 2002ರಲ್ಲಿ ಭಾರತದಲ್ಲಿ ಬಿ.ಟಿ. ಹತ್ತಿಯನ್ನು ಬೆಳೆಯಲು ಅನುಮತಿ ದೊರೆಯಿತು. ಆದರೆ ವರ್ಷಗಳು ಉರುಳಿದಂತೆ ಈ ಹುಳುವು ಆ ತಳಿಯ ವಿಷವನ್ನೂ ತಾಳಿಕೊಳ್ಳುವ ಶಕ್ತಿಯನ್ನು ಪಡೆದುಕೊಂಡಿತು. ಆದಕಾರಣ ಹೂವನ್ನು ಹತ್ತಿರದಿಂದ ನೋಡುವ ಕಣ್ಣು ರೈತನಿಗೆ ಇಂದು ಮತ್ತೆ ಅವಶ್ಯಕವಾಗಿದೆ.

ಅಲ್ಲಿಯ ಹೊಲವೊಂದರಲ್ಲಿ ಹೀಗೊಂದು ಪ್ರಸಂಗವನ್ನು ಊಹಿಸಿಕೊಳ್ಳಬಹುದು. ಹತ್ತಿಯ ಎಲೆಗಳ ಕೆಳಗೆ ಕಪ್ಪಗೆ, ಮೊಸಳೆಯಾಕಾರದ, ಕಿತ್ತಳೆಯ ಚುಕ್ಕೆಗಳುಳ್ಳ ಹುಳುಗಳನ್ನು ಕಂಡು ರೈತನು ಗಾಬರಿಗೊಳ್ಳುತ್ತಾನೆ. ಪಕ್ಕದಲ್ಲಿಯೇ ಕೂದಲೆಳೆಯ ತುದಿಯಲ್ಲಿ ನಿಂತ ಬಿಳಿಯ ಕಾಳುಗಳಂತಹವು ಬೂಷ್ಟು ಹಿಡಿದಂತೆ ಕಾಣುತ್ತವೆ. ಸಾಲ ಮಾಡಿ ಬಿತ್ತಿದ ಬೆಳೆ. ಆತನು ಸಿಂಪಡಿಸುವ ಪಂಪನ್ನು ಹೆಗಲಿಗೇರಿಸುತ್ತಾನೆ. ಅಷ್ಟರಲ್ಲಿ ಹೈಸ್ಕೂಲಿನಲ್ಲಿ ಓದುತ್ತಿರುವ ಅಣ್ಣನ ಮಗನು ಕೈಮಸೂರವನ್ನು ಫೋನಿಗೆ ಹಿಡಿದು ತೆಗೆದ ಚಿತ್ರವನ್ನು ಮುಂದೆ ಚಾಚಿ, "ಕಾಕಾ, ತಡಿ. ಇದು ಎಲಿ ತಿನ್ನಾಕತ್ತಿಲ್ಲ, ಹೇನು ತಿನ್ನಾಕತ್ತೈತಿ ನೋಡು" ಎನ್ನುತ್ತಾನೆ. ಚಿತ್ರದಲ್ಲಿ ಆ ಕಪ್ಪು ಹುಳುವಿನ ಬಾಯಲ್ಲಿ ಎಲೆಯ ಚೂರಿಲ್ಲ. ಹತ್ತಿಯ ರಸವನ್ನು ಹೀರುವ ಸಸ್ಯಹೇನು ಇದೆ. ಅದು ಗುಲಗಂಜಿ ಹುಳುವಿನ ಮರಿ. ಕೂದಲೆಳೆಯ ತುದಿಯ ಕಾಳುಗಳು ಬೂಷ್ಟಲ್ಲ. ಹೇನುಗಳನ್ನು ಬೇಟೆಯಾಡುವ ಹಸಿರು ಜಾಲರೆಕ್ಕೆಯ ಕೀಟದ ಮೊಟ್ಟೆಗಳು. ಕಾಕನು ಪಂಪನ್ನು ಕೆಳಗಿಳಿಸಿ ಮತ್ತೊಮ್ಮೆ ಎಲೆಯನ್ನು ತಿರುಗಿಸಿ ನೋಡುತ್ತಾನೆ. ಒಂದು ಚಿತ್ರದಿಂದ ಹಣವೂ ಉಳಿಯಿತು, ಹೊಲದ ಕಾವಲುಗಾರರೂ ಉಳಿದರು.

ಆದರೆ ಇಲ್ಲಿ ಎಚ್ಚರವೂ ಬೇಕು. ಗುಲಗಂಜಿಯಂತೆ ಕಾಣುವ ಹುಳುಗಳೆಲ್ಲವೂ ಮಿತ್ರರಲ್ಲ. ಬದನೆಯ ಎಲೆಯನ್ನು ಜಾಲರಿಯಂತೆ ಕೆರೆದು ತಿನ್ನುವ, ಇಪ್ಪತ್ತೆಂಟು ಚುಕ್ಕೆಗಳ ಒಂದು ಹುಳುವು ಅದೇ ಬಳಗಕ್ಕೆ ಸೇರಿದುದು. ಬೇಟೆಯಾಡುವ ಹುಳುವಿನ ಬೆನ್ನು ನುಣುಪಾಗಿ ಹೊಳೆಯುತ್ತದೆ. ಎಲೆ ತಿನ್ನುವುದರ ಬೆನ್ನು ಸಣ್ಣ ರೋಮಗಳಿಂದ ಮಸುಕಾಗಿರುತ್ತದೆ. ಬರಿಗಣ್ಣಿಗೆ ತಿಳಿಯದ ಈ ಭೇದವನ್ನು ಸಮೀಪ ಚಿತ್ರವು ಸ್ಪಷ್ಟಪಡಿಸುತ್ತದೆ. ಇಷ್ಟಾದರೂ ಸಂಶಯ ಉಳಿದರೆ ಬಲ್ಲವರನ್ನು ಕೇಳುವುದೇ ವಿವೇಕ. ರಾಯಚೂರಿನಲ್ಲಿ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವು ಸ್ಥಾಪನೆಗೊಂಡಿದೆ. ಹುಳುವಿನ ಬೆನ್ನು, ಪಾರ್ಶ್ವ, ಮುಖಗಳನ್ನೂ ಅದು ಕುಳಿತ ಗಿಡವನ್ನೂ ತೋರಿಸುವ ಮೂರು ನಾಲ್ಕು ಚಿತ್ರಗಳು, ತೆಗೆದ ಸ್ಥಳ ಮತ್ತು ದಿನಾಂಕ, ಇವಿಷ್ಟಿದ್ದರೆ ಕೀಟಶಾಸ್ತ್ರಜ್ಞನು ಅದನ್ನು ಗುರುತಿಸುವುದು ಸುಲಭವಾಗುತ್ತದೆ. ಅಳತೆಗಾಗಿ ಬಳಿಯಲ್ಲಿ ಒಂದು ಸ್ಕೇಲನ್ನೋ ನಾಣ್ಯವನ್ನೋ ಇಟ್ಟು ಒಂದು ಚಿತ್ರವನ್ನು ತೆಗೆಯುವುದು ಇನ್ನೂ ಉತ್ತಮ.

ಈ ಕಲೆಯಲ್ಲಿ ತೊಡಗುವವರು ಪಾಲಿಸತಕ್ಕ ಕೆಲವು ಧರ್ಮಗಳುಂಟು. ಹೊಲದೊಳಗೆ ಕಾಲಿಡುವ ಮೊದಲು ಅದರ ಯಜಮಾನನ ಅನುಮತಿಯನ್ನು ಕೇಳಬೇಕು. ಔಷಧ ಸಿಂಪಡಿಸಿದ ಹೊಲವನ್ನು ಹೊಗಕೂಡದು. ಪೊದೆಗೆ ಕೈಚಾಚುವಾಗ ಹಾವು ಚೇಳುಗಳ ಎಚ್ಚರವಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಚಿತ್ರಕ್ಕಾಗಿ ಜೀವಿಯನ್ನು ಹಿಂಸಿಸಬಾರದು. ಹಾರದಿರಲೆಂದು ಚಿಟ್ಟೆಯನ್ನು ತಣ್ಣನೆಯ ಪೆಟ್ಟಿಗೆಯಲ್ಲಿಡುವವರೂ, ಹುಳುವನ್ನು ಅಂಟಿನಿಂದ ರೆಂಬೆಗೆ ಅಂಟಿಸುವವರೂ ಲೋಕದಲ್ಲಿದ್ದಾರೆ. ಅಂತಹ ಚಿತ್ರವು ಎಷ್ಟೇ ಸುಂದರವಾಗಿದ್ದರೂ ಸುಳ್ಳು ಸಾಕ್ಷಿಗೆ ಸಮಾನ. ಎಕ್ಕದ ಎಲೆಯನ್ನುಣ್ಣುವ ಮರಿಯನ್ನು ಅಂದವಾದ ಗುಲಾಬಿಯ ಮೇಲಿಟ್ಟು ಚಿತ್ರ ತೆಗೆದರೆ, ಅದು ನೋಡುವವರಿಗೆ ತಪ್ಪು ಪಾಠವನ್ನು ಕಲಿಸುತ್ತದೆ. ಮರಿಯೂ ಉಪವಾಸ ಬೀಳುತ್ತದೆ. ಚಿತ್ರವು ತಪ್ಪಿದರೆ ನಾಳೆ ಮತ್ತೊಂದು ಮುಂಜಾನೆಯಿದೆ. ಮುರಿದ ರೆಕ್ಕೆಗೆ ಮಾತ್ರ ನಾಳೆಯಿಲ್ಲ.

ಸಮೀಪ ಛಾಯಾಗ್ರಹಣವು ಕಲಿಸುವ ಮೊದಲ ಗುಣ ತಾಳ್ಮೆ. ಒಂದು ಗಿಡದ ಮುಂದೆ ಒಂದು ಗಂಟೆ ಸುಮ್ಮನೆ ಕುಳಿತವನಿಗೆ ಆ ಗಿಡವು ತನ್ನ ಒಕ್ಕಲನ್ನೆಲ್ಲ ಪರಿಚಯಿಸುತ್ತದೆ. ಯಾರು ಉಣ್ಣುವವರು, ಯಾರು ಕಾಯುವವರು, ಯಾರು ವೇಷಧಾರಿಗಳು ಎಂಬುದು ಮೆಲ್ಲಮೆಲ್ಲನೆ ತಿಳಿಯುತ್ತದೆ. ಬೆಲೆಯುಳ್ಳ ಕ್ಯಾಮರಾ ಎಲ್ಲರಿಗೂ ದೊರೆಯಲಾರದು. ಆದರೆ ಬಾಗಿ ನೋಡುವ ಅಭ್ಯಾಸಕ್ಕೆ ಬೆಲೆ ಕೊಡಬೇಕಾಗಿಲ್ಲ. ಕೃಷ್ಣೆ ತುಂಗಭದ್ರೆಯರ ನಡುವಣ ಈ ನಾಡಿನಲ್ಲಿ ನಾಳೆ ಹೊಲವನ್ನು ಉಳುವವರೂ, ಹೊಲಕ್ಕೆ ಸಲಹೆ ನೀಡುವವರೂ ಇಂದಿನ ವಿದ್ಯಾರ್ಥಿಗಳೇ. ಪಂಪನ್ನು ಹೆಗಲಿಗೇರಿಸುವ ಮುನ್ನ ಎಲೆಯನ್ನು ಒಮ್ಮೆ ತಿರುಗಿಸಿ ನೋಡುವವರು ಅವರಾದರೆ, ಹೊಲವೂ ಅದರ ಕಿರಿಯ ಕಾವಲುಗಾರರೂ ಉಳಿದಾರು.